ಪಡು ಬದಿಯ ಹಂಚು

ನನ್ನ ನೆನಪಿನ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲ. ಅದಕ್ಕೇ ದಿನಚರಿ ಬರೆಯುತ್ತೇನೆ. ದಿನಚರಿಯ ಮೇಲೂ ಪೂರ್ತಿ ನಂಬಿಕೆಯಿಲ್ಲ, ಬರೆದವಳು ನಾನೇ ತಾನೆ. ಆದರೆ ಕಳೆದ ಮೇ ತಿಂಗಳಲ್ಲಿ ನಮ್ಮ ಕೇರಿಯ ಹಳೆಯ ಶೆಡ್ಡಿನ ಮಾಡಿಗೆ, ಅಂದರೆ ಚಾವಣಿಗೆ, ಆದದ್ದನ್ನು ಧೈರ್ಯವಾಗಿ ಹೇಳಬಲ್ಲೆ. ಅದನ್ನು ಇಡೀ ಕೇರಿಯೇ ಕಂಡಿದೆ, ಸೋರಿದ ನೀರು ಎಲ್ಲರ ತಲೆಯ ಮೇಲೂ ಬಿದ್ದಿದೆ.

ಕುಂದಾಪುರ ಪೇಟೆಯಿಂದ ಹೊಳೆಯತ್ತ ಇಳಿಯುವ ರಸ್ತೆ ಮುಗಿಯುವಲ್ಲಿ ನಮ್ಮ ಕೇರಿ ಶುರುವಾಗುತ್ತದೆ. ಎದುರಿಗೆ ಐದು ಹೊಳೆಗಳು ಸೇರಿ ಕಡಲಿಗೆ ಹೋಗುವ ಅಳಿವೆ. ಅದರಾಚೆ ಗಂಗೊಳ್ಳಿಯ ಬಂದರು, ಬೋಟುಗಳ ಬಣ್ಣ, ಐಸ್ ಪ್ಲಾಂಟಿನ ಸದ್ದು. ಹೊಸಬರು ಇಲ್ಲಿ ನಿಂತು ಫೋಟೊ ತೆಗೆಯುತ್ತಾರೆ. ನಮ್ಮವರು ಇದನ್ನು ನೋಟವೆಂದು ಎಣಿಸಿದವರೇ ಅಲ್ಲ. ನೀರು ನಮಗೆ ದಾರಿಯಾಗಿತ್ತು. ಹಟ್ಟಿಯಂಗಡಿ ಕಡೆಯ ಗದ್ದೆಗಳ ಆವೆ ಮಣ್ಣು ದೋಣಿಯಲ್ಲಿ ಬರುತ್ತಿತ್ತು, ಘಟ್ಟದ ಬುಡದಿಂದ ಸೌದೆ ಬರುತ್ತಿತ್ತು, ಸುಟ್ಟ ಹಂಚು ಮಂಜಿ ಎಂಬ ದೊಡ್ಡ ಹಾಯಿದೋಣಿಯಲ್ಲಿ ಕಡಲ ದಾರಿ ಹಿಡಿಯುತ್ತಿತ್ತು. ಮಣ್ಣು, ಬೆಂಕಿ, ನೀರು ಮೂರೂ ಒಂದೇ ಕಡೆ ಸಿಕ್ಕಿದ್ದರಿಂದ ಇಲ್ಲಿ ಹಂಚಿನ ಕಾರ್ಖಾನೆ ಎದ್ದಿತು. ಕಾರ್ಖಾನೆ ಎದ್ದಿದ್ದರಿಂದ ನಮ್ಮ ಕೇರಿಯೂ ಆಯಿತು.

ಈಗ ಮಣ್ಣು ಅಗೆದ ಹೊಂಡಗಳಲ್ಲಿ ತಾವರೆ ಬೆಳೆದಿದೆ. ಚಿಮಣಿಯನ್ನು ಅಪಾಯವೆಂದು ಅರ್ಧಕ್ಕೆ ಇಳಿಸಿದ್ದಾರೆ. ಪೂರ್ತಿ ಉಳಿದದ್ದು ಒಂದೇ: ಹಸಿ ಹಂಚು ಒಣಗಿಸುತ್ತಿದ್ದ ಉದ್ದನೆಯ ಶೆಡ್ಡು. ಕೆಂಪು ಕಲ್ಲಿನ ಕಂಬ, ಮರದ ಪಕ್ಕಾಸು, ಮೇಲೆ ಅದೇ ಕಾರ್ಖಾನೆಯ ಹಂಚು. ನನ್ನ ಅಬ್ಬಿ, ಅಂದರೆ ತಾಯಿ, ಇಪ್ಪತ್ತಾರು ವರ್ಷ ಆ ಶೆಡ್ಡಿನಡಿ ಕೂತು, ಅಚ್ಚಿನಿಂದ ಬಂದ ಹಸಿ ಹಂಚಿನ ಅಂಚು ಕೆತ್ತಿ ನೇರ ಮಾಡುತ್ತಿದ್ದಳು. ಭಟ್ಟಿಗೆ ಸೌದೆ ಹಾಕುತ್ತಿದ್ದ ಅಪ್ಪಯ್ಯ ಈಗಿಲ್ಲ. ನಾನು ಮೈಸೂರಿಗೆ ಹೋಗಿ ಇತಿಹಾಸ ಓದಿ ಬಂದೆ. ಈಗ ದಿನವೂ ಬೈಂದೂರಿಗೆ ಬಸ್ಸು ಹಿಡಿದು ಹೋಗಿ ಕಾಲೇಜಿನಲ್ಲಿ ಪಾಠ ಮಾಡಿ ಸಂಜೆಗೆ ಮರಳುತ್ತೇನೆ.

ಆ ಶೆಡ್ಡನ್ನು ವಾಚನಾಲಯ ಮಾಡುವುದೆಂದು ಕೇರಿಯ ಸಮಿತಿ ತೀರ್ಮಾನಿಸಿತ್ತು. ಒಂದು ಗೋಡೆಗೆ ಕೇರಿಯ ಚರಿತ್ರೆ ಹೇಳುವ ಫಲಕ ಬೇಕು, ಅದನ್ನು ನಾನೇ ಬರೆಯಬೇಕು ಎಂದಾಯಿತು. ತೊಂದರೆ ಇದ್ದದ್ದು ಮಾಡಿನದು. ಅರ್ಧಕ್ಕರ್ಧ ಹಂಚು ಒಡೆದಿತ್ತು. ಸಮಿತಿಯ ಅಧ್ಯಕ್ಷರು ನಮ್ಮ ನೆರೆಮನೆಯವರೇ. ಮುಂಬಯಿಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿ ಮರಳಿದವರು, ಕೆಲಸ ಬೇಗ ಮುಗಿಯಬೇಕು ಎನ್ನುವವರು. ಅವರಿಗೆ ತಗಡಿನ ಶೀಟು ಹಾಕಿಸುವ ಮನಸ್ಸು.

"ನಾವ್ ಬೊಂಬಾಯಂಗೆ ಹೋಟ್ಲಿಗೆ ಶೀಟೇ ಹಾಕ್ದ್. ಒಂದ್ ಹನಿ ಬೀಳ್ಲಿಲ್ಲ," ಎಂದರು. "ನೀವ್ ಹಂಚ್ ಹಂಚ್ ಅಂಬ್ರಿ ಟೀಚ್ರೇ. ಪ್ರತಿ ವರ್ಷ ಮಾಡ್ ಹತ್ತುದ್ ಯಾರ್?"

ಹಂಚಿನ ಕಾರ್ಖಾನೆಗೇ ಶೀಟು ಹೊದಿಸಿದರೆ ಆ ಗೋಡೆಯ ಮೇಲೆ ನಾನು ಬರೆಯುವ ಚರಿತ್ರೆಗೆ ಏನು ಅರ್ಥ ಎಂದು ಕೇಳಿದೆ. ಅಬ್ಬಿ ಬದುಕಿನ ಅರ್ಧ ಕಳೆದ ಜಾಗ ಅದು, ಅವಳು ನೋಡುತ್ತಿರುವಂತೆಯೇ ಅದರ ತಲೆಯ ಮೇಲೆ ತಗಡು ಬರುವುದು ನನಗೆ ಬೇಡವಾಗಿತ್ತು. ಅದನ್ನು ಸಭೆಯಲ್ಲಿ ಹೇಳಲಿಲ್ಲ. ಬದಲಿಗೆ, ಒಡೆದ ಹಂಚಿಗೆ ಬದಲಿ ಹಂಚು ಕೇರಿಯಲ್ಲೇ ಇದೆ ಎಂದೆ. ಎಲ್ಲರೂ ಹಳೆಯ ಮನೆ ಕೆಡವಿ ತಾರಸಿ ಮನೆ ಕಟ್ಟಿಕೊಂಡವರು. ಇಳಿಸಿದ ಹಂಚು ಎಲ್ಲರ ಹಿತ್ತಿಲಲ್ಲೂ ಪೇರಿಸಿಟ್ಟಿದೆ. ಎಲ್ಲವೂ ನಮ್ಮ ಕಾರ್ಖಾನೆಯದೇ.

ಕೊನೆಗೆ ಒಂದು ಒಪ್ಪಂದವಾಯಿತು. ಮಳೆಗಾಲಕ್ಕೆ ಮುಂಚೆ ಹಂಚಿನ ಮಾಡು ಸೋರದೆ ನಿಂತರೆ ಹಂಚು, ಸೋರಿದರೆ ಶೀಟು. ಪುಸ್ತಕದ ಪೆಟ್ಟಿಗೆಗಳು ಜೂನಿನಲ್ಲಿ ಬರಲಿದ್ದವು. ಒದ್ದೆಯಾದ ಪುಸ್ತಕಕ್ಕೆ ನಾನು ಯಾವ ವಾದವನ್ನೂ ಹೂಡುವಂತಿರಲಿಲ್ಲ.

"ಎಲ್ಲವೂ ನಮ್ಮ ಕಾರ್ಖಾನೆಯದೇ" ಎಂದು ಹೇಳುವಾಗ ನನಗೆ ಅನುಮಾನವೇ ಇರಲಿಲ್ಲ. ಅದು ಕೇರಿಯ ಮಾತು. ನಾವು ಈಚೆ ದಡದವರು, ನಮ್ಮ ಮಣ್ಣು, ನಮ್ಮ ಹಂಚು ಎಂದು ಮದುವೆಮನೆಯಲ್ಲಿ, ಕ್ರಿಕೆಟ್ ಮೈದಾನದಲ್ಲಿ, ಸಾವಿನ ಮನೆಯ ಜಗಲಿಯಲ್ಲೂ ಕೇಳಿ ಬೆಳೆದವಳು ನಾನು. ಹೊಳೆಯ ಆಚೆ ದಡದಲ್ಲಿ ಇನ್ನೊಂದು ಕಾರ್ಖಾನೆಯಿತ್ತು. ಎರಡೂ ಮೊದಲು ಒಂದೇ ಕುಟುಂಬದ್ದು, ಅಣ್ಣತಮ್ಮಂದಿರು ಪಾಲಾದಾಗ ಕಾರ್ಖಾನೆಯೂ ಎರಡಾಯಿತು. ಆಚೆಯವರ ಹಂಚನ್ನು ನಮ್ಮವರು ಹೊದಿಸುವ ಪ್ರಶ್ನೆಯೇ ಇಲ್ಲ ಎಂಬುದು ನಮ್ಮ ಹೆಮ್ಮೆ. ಕಾಲೇಜಿಗೆ ಹೋಗುವಾಗಿನ ದಿನಚರಿಯಲ್ಲಿ ನಾನೇ ಬರೆದಿದ್ದೇನೆ: ನಮ್ಮ ಮನೆಯ ಮಾಡಿನ ಒಂದೊಂದು ಹಂಚೂ ಅಬ್ಬಿಯ ಕೈ ದಾಟಿ ಬಂದದ್ದು. ಚೆಂದದ ವಾಕ್ಯ ಎನಿಸಿತ್ತು. ಅಬ್ಬಿಗೆ ಓದಿಯೂ ಹೇಳಿದ್ದೆ. ಅವಳು ಒಮ್ಮೆ ನನ್ನ ಮುಖ ನೋಡಿ ಮೀನು ಹೆರೆಯುವುದನ್ನು ಮುಂದುವರಿಸಿದ್ದಳು. ಅವಳಿಗೆ ಸಂತೋಷವಾಗಿದೆ ಎಂದುಕೊಂಡಿದ್ದೆ.

ಹಾಗೆಂದು ನಾನು ಬರೀ ನೆನಪನ್ನು ನಂಬಿ ಕೂರಲಿಲ್ಲ. ಮನೆಮನೆಯ ಹಿತ್ತಿಲಿಗೆ ಹೋಗಿ ಹಂಚು ಮಗುಚಿ ಅಡಿಯ ಮುದ್ರೆ ನೋಡಿದೆ. ಎಲ್ಲದರಲ್ಲೂ ಹಾಯಿದೋಣಿಯ ಚಿತ್ರ. ಅದು ನಮ್ಮ ಕಾರ್ಖಾನೆಯ ಗುರುತು. ಯಾರ ಮನೆಯಿಂದ ಬಂದದ್ದೆಂದು ಮುಂದೆ ಫಲಕದಲ್ಲಿ ಬರೆಯಲು ಬೇಕಾಗುತ್ತದೆಂದು, ಪ್ರತಿ ಮನೆಯ ಹಂಚಿನ ಅಡಿಗೂ ಬೇರೆ ಬೇರೆ ಬಣ್ಣದ ಬೊಟ್ಟು ಇಟ್ಟೆ. ನಮ್ಮ ಮನೆಯದಕ್ಕೆ ನೀಲಿ, ಅಧ್ಯಕ್ಷರ ಮನೆಯದಕ್ಕೆ ಕೆಂಪು. ಮಾಡಿಗೆ ಹತ್ತಲು ಯಡ್ತರೆಯಿಂದ ಒಬ್ಬರು ಬಂದರು. ಅವರೂ ಈಗ ಹೆಚ್ಚಾಗಿ ಶೀಟಿನ ಕೆಲಸವನ್ನೇ ಮಾಡುವವರು. ಎರಡನೆಯ ದಿನ ಅವರು ಮೇಲಿನಿಂದ, ಕೆಲವು ಹಂಚು ಸರಿಯಾಗಿ ಕೂರುತ್ತಿಲ್ಲ, ಬಿಗಿಯಾಗುತ್ತಿದೆ ಎಂದರು. ಎಲ್ಲವೂ ಒಂದೇ ಕಾರ್ಖಾನೆಯದು, ಮುದ್ರೆ ನೋಡಿದ್ದೇನೆ, ಸ್ವಲ್ಪ ತಟ್ಟಿ ಕೂರಿಸಿ ಎಂದು ನಾನೇ ಕೆಳಗಿನಿಂದ ಹೇಳಿದೆ. ಅವರು ತಟ್ಟಿ ಕೂರಿಸಿದರು.

ಮೇ ಮಧ್ಯದಲ್ಲಿ ಒಂದು ಸಂಜೆ ಗುಡುಗಿ ಮಳೆ ಬಂತು. ಶೆಡ್ಡಿನಲ್ಲಿ ಸಮಿತಿಯ ಸಭೆ ನಡೆಯುತ್ತಿತ್ತು. ಮೊದಲು ಅಧ್ಯಕ್ಷರ ಕೈಯ ಕಾಗದದ ಮೇಲೆ ಒಂದು ಹನಿ ಬಿತ್ತು. ಆಮೇಲೆ ಹನಿಗೆ ಲೆಕ್ಕವಿಲ್ಲದಾಯಿತು. ಪಡುವಣ ಗಾಳಿ ಬೀಸಿದಾಗಲೆಲ್ಲ ಹಂಚಿನ ಸಂದಿಯಿಂದ ಜಾಳಿಗೆಯಲ್ಲಿ ಸೋಸಿದಂತೆ ನೀರು ಇಳಿಯಿತು. ಎಲ್ಲರೂ ಗೋಡೆಗೆ ಒತ್ತಿ ನಿಂತರು. ಅಧ್ಯಕ್ಷರು ತಲೆಗೆ ಟವೆಲು ಹಾಕಿಕೊಂಡು ನನ್ನ ಕಡೆ ನೋಡಿದರು. ಕೋಪವೇನೂ ಕಾಣಲಿಲ್ಲ.

"ಹ್ವಾಯ್ ಟೀಚ್ರೇ, ಇನ್ ಎಂತ ಹೇಳ್ತ್ರಿ? ಮಳಿಗಾಲಕ್ಕೆ ಇನ್ ಹತ್ ದಿನ ಇತ್ತ್. ಶೀಟಿನವಂಗೆ ಫೋನ್ ಮಾಡ್ಲಾ?"

ಹತ್ತು ದಿನ ಕೊಡಿ ಎಂದೆ. ಯಾಕೆ ಕೇಳಿದೆನೋ ಗೊತ್ತಿಲ್ಲ, ನನ್ನ ಬಳಿ ಯಾವ ಉಪಾಯವೂ ಇರಲಿಲ್ಲ. ಅವರು ಕೊಟ್ಟರು.

ಮನೆಗೆ ಬಂದು ಸೀರೆ ಹಿಂಡುತ್ತಾ ಅಬ್ಬಿಗೆ ನಡೆದದ್ದನ್ನೆಲ್ಲ ಹೇಳಿದೆ. ಹಂಚು ಒಡೆದಿರಲಿಲ್ಲ, ಮುದ್ರೆ ಒಂದೇ, ಆದರೂ ಸೋರಿತು. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ನೀ ದೋಣಿ ಚಿತ್ರ ಕಂಡೆ. ಕಚ್ ಕಂಡ್ಯಾ?"

ಒಂದು ಹಂಚು ಪಕ್ಕದ ಹಂಚನ್ನು ಹಿಡಿದುಕೊಳ್ಳಲು ಅಂಚಿನಲ್ಲಿ ಒಂದು ತೋಡು ಇರುತ್ತದೆ. ಅದು ಕಚ್ಚು. ಅಬ್ಬಿ ಅಕ್ಕಿಯ ಮೊರವನ್ನು ಕೆಳಗಿಟ್ಟು ತನ್ನ ಎರಡು ಬೆರಳುಗಳನ್ನು ಒಂದಕ್ಕೊಂದು ಸಿಕ್ಕಿಸಿ ತೋರಿಸಿದಳು. ಅಣ್ಣತಮ್ಮಂದಿರು ಪಾಲಾದಾಗ ಮನೆತನದ ಗುರುತನ್ನು ಇಬ್ಬರೂ ಬಿಡಲಿಲ್ಲವಂತೆ. ಹಾಗಾಗಿ ಆಚೆ ದಡದ ಹಂಚಿನಲ್ಲೂ ಅದೇ ಹಾಯಿದೋಣಿ. ಆದರೆ ಆಚೆಯವರು ಹೊಸ ಅಚ್ಚು ತರಿಸಿದರು. ಅವರ ಕಚ್ಚು ನಮ್ಮದಕ್ಕಿಂತ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು, ಹೆಚ್ಚು ಆಳ, ಹಂಚು ಒಂದು ನೂಲು ಹೆಚ್ಚು ಅಗಲ. ಒಂದೆರಡು ಹಂಚು ಬೆರೆತರೆ ಏನೂ ತಿಳಿಯುವುದಿಲ್ಲ. ಸಾಲಿನಲ್ಲಿ ಹತ್ತು ಬೆರೆತರೆ ಹನ್ನೊಂದನೆಯದು ಎತ್ತಿಕೊಂಡು ನಿಲ್ಲುತ್ತದೆ. ನೀವು ಅದನ್ನು ತಟ್ಟಿದ್ದೀರಿ ಎಂದಳು. ನೋಡದೆಯೇ ಹೇಳಿದಳು.

ಹಾಗಾದರೆ ಕೇರಿಯ ಹಂಚಿನಲ್ಲಿ ಆಚೆಯದೂ ಇದೆಯಾ ಎಂದು ಕೇಳಿದೆ. "ಇಳ್ಸಿ ತಕಂಡ್ ಬಾ, ಕಾಂಬ," ಎಂದಳು.

ಮಾರನೆಯ ಭಾನುವಾರ ಮಾಡಿನಿಂದ ಎಲ್ಲ ಹಂಚನ್ನೂ ಇಳಿಸಿದೆವು. ಕೇರಿಯ ಹೆಂಗಸರು ಗಂಡಸರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ಅಂಗಳದ ಗೇರು ಮರದಡಿ ಅಬ್ಬಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಹಂಚು ಮಡಿಲಿಗೆ ಬಂದರೆ ಅವಳು ಹೆಬ್ಬೆರಳನ್ನು ಕಚ್ಚಿನಲ್ಲಿ ಒಮ್ಮೆ ಎಳೆಯುವಳು. ಕಣ್ಣು ಹಂಚಿನ ಮೇಲಿಲ್ಲ, ಹೊಳೆಯ ಕಡೆಗೆ. "ಈಚಿ" ಎಂದರೆ ಎಡದ ರಾಶಿಗೆ, "ಆಚಿ" ಎಂದರೆ ಬಲದ ರಾಶಿಗೆ. ಮೊದಮೊದಲು ಜನ ನಗಾಡುತ್ತಿದ್ದರು. ಶೆಡ್ಡಿನ ಮೂಲ ಹಂಚುಗಳೆಲ್ಲ ತಪ್ಪದೆ ಈಚಿ, ಈಚಿ ಎಂದು ಎಡಕ್ಕೆ ಹೋದವು. ಅವುಗಳ ಅಡಿಯಲ್ಲಿ ಬಣ್ಣವಿರಲಿಲ್ಲ. ಆಮೇಲೆ ಬಣ್ಣದ ಬೊಟ್ಟಿನವು, ಅಂದರೆ ನಮ್ಮ ಮನೆಗಳಿಂದ ಬಂದವು, ಶುರುವಾದವು. ಹಳದಿ ಬೊಟ್ಟು ಆಚಿ. ಹಸಿರು ಬೊಟ್ಟು ಆಚಿ. ನಾಲ್ಕಾರು ಮಾತ್ರ ಈಚಿ. ಬಲದ ರಾಶಿ ಬೆಳೆದ ಹಾಗೆ ಸಾಲಿನಲ್ಲಿ ಮಾತು ಕಡಿಮೆಯಾಯಿತು.

ನೀಲಿ ಬೊಟ್ಟಿನ ಮೊದಲ ಹಂಚನ್ನು ಅಬ್ಬಿಯ ಮಡಿಲಿಗೆ ಇಟ್ಟವಳು ನಾನೇ. ಅವಳು ಹೆಬ್ಬೆರಳು ಎಳೆಯಲೂ ಇಲ್ಲ.

"ಆಚಿ," ಎಂದಳು. "ನಿನ್ನ ಅಪ್ಪಯ್ಯ ಎರಡ್ ವರ್ಷ ಆಚಿ ದಡದಂಗೆ ಭಟ್ಟಿಗೆ ಸೌದಿ ಹಾಕ್ದ್. ನೀ ಆಗ್ಳ್ ಸಣ್ಣೋಳ್."

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಎಲ್ಲರೆದುರು ಕೇಳಬಾರದಿತ್ತು.

"ನೀ ಕೇಣ್ಲಿಲ್ಲ. ಬರ್ದದ್ ಓದಿ ಹೇಳ್ದೆ, ಅಷ್ಟೇ."

ಆ ಮಾತು ನನ್ನಲ್ಲಿ ಈಗಲೂ ಕೂತಿದೆ. ನೆನಪನ್ನು ಅನುಮಾನಿಸುವವಳು ಎಂದು ನನ್ನ ಬಗ್ಗೆ ನಾನೇ ಅಂದುಕೊಂಡಿದ್ದೆ. ಅನುಮಾನಿಸಿದ್ದು ನಿಜ. ಆದರೆ ನೆನಪನ್ನು ಪರೀಕ್ಷಿಸಲು ಹೋದಾಗೆಲ್ಲ ಕಾಗದವನ್ನು, ಮುದ್ರೆಯನ್ನು ನೋಡಿದ್ದೇನೆ. ಮನೆಯಲ್ಲೇ ಕೂತಿದ್ದ, ಇಪ್ಪತ್ತಾರು ವರ್ಷ ಕಚ್ಚು ಮುಟ್ಟಿದ ಕೈಯನ್ನು ಕೇಳಿರಲಿಲ್ಲ.

ಉಳಿದದ್ದನ್ನು ಅಬ್ಬಿ ಹಂಚು ಬೇರೆ ಮಾಡುತ್ತಲೇ ಹೇಳಿದಳು. ಕೂಲಿಯ ಗಲಾಟೆಯಲ್ಲಿ ಈಚೆಯ ಕಾರ್ಖಾನೆಯ ಬಾಗಿಲು ಎರಡು ವರ್ಷ ಮುಚ್ಚಿತ್ತು. ಆಚೆಯವರಲ್ಲಿ ಕೆಲಸಕ್ಕೆ ಹೋಗುವುದು ಕೇರಿಗೆ ಬಗೆದ ದ್ರೋಹ ಎಂದು ಎಲ್ಲರೂ ದೇವಸ್ಥಾನದೆದುರು ಮಾತು ಕೊಟ್ಟಿದ್ದರು. ಒಲೆಗೆ ಆ ಮಾತು ಕೇಳಿಸಬೇಕಲ್ಲ. ಅಪ್ಪಯ್ಯ ಹೊಳೆಯ ಚಿಪ್ಪು ಹೆಕ್ಕಲು ಹೋಗುತ್ತೇನೆಂದು ನೆರೆಯವರಿಗೆ ಹೇಳಿ ಬೆಳಕು ಹರಿಯುವ ಮೊದಲು ದೋಣಿ ಹತ್ತಿದ. ದೋಣಿಯಲ್ಲಿ ಆಗಲೇ ಏಳೆಂಟು ಮಂದಿ ಕೂತಿದ್ದರು. ಎಲ್ಲರೂ ಚಿಪ್ಪು ಹೆಕ್ಕಲು ಹೊರಟವರು, ಯಾರ ಕೈಯಲ್ಲೂ ಬುಟ್ಟಿಯಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ ಹೊಳೆ ದಾಟಿದರು. ನಮ್ಮ ಕಾರ್ಖಾನೆ ಮತ್ತೆ ತೆರೆಯುವವರೆಗೂ ಹಾಗೇ ದಾಟಿದರು. ಕೆಲಸಗಾರರಿಗೆಂದು ಆಚೆಯವರು ಕೊಟ್ಟ ಹಂಚನ್ನು ಅದೇ ದೋಣಿಯಲ್ಲಿ ತಂದು ಮನೆ ಕಟ್ಟಿಕೊಂಡರು. ಮುದ್ರೆ ಒಂದೇ ಆಗಿದ್ದರಿಂದ ಮಾಡು ನೋಡಿ ಯಾರೂ ಏನೂ ಹೇಳುವಂತಿರಲಿಲ್ಲ. ಹೇಳಬೇಕಾದವರೂ ಅದೇ ದೋಣಿಯವರು.

ಕೆಂಪು ಬೊಟ್ಟಿನ ಹಂಚು ಬಂತು. ಆಚಿ. ಅದರ ಹಿಂದಿನದೂ ಆಚಿ. ಸಾಲಿನಲ್ಲಿದ್ದ ಅಧ್ಯಕ್ಷರು ಕೈಯಲ್ಲಿದ್ದ ಹಂಚನ್ನು ಹಾಗೇ ಹಿಡಿದು ನಿಂತರು.

"ನಮ್ಮ ಅಪ್ಪಯ್ಯ ಆಚಿ ದಡಕ್ಕೆ ಕಾಲೇ ಇಡ್ಲಿಲ್ಲ, ಅಕ್ಕಾ."

"ಹಾಂಗಾರೆ ದೋಣಿ ಹಿಂದ್ ಕೂಕಂಡ್ ಹುಟ್ ಹಾಕ್ತಿದ್ದದ್ ಯಾರ್ ಮಾರಾಯಾ?"

ಮೊದಲು ನಕ್ಕವರು ಅಧ್ಯಕ್ಷರೇ. ಆಮೇಲೆ ಸಾಲು ಪೂರ್ತಿ ನಕ್ಕಿತು. ನಗುವಿನಲ್ಲಿ ಎಷ್ಟು ಜನಕ್ಕೆ ಮೊದಲೇ ಗೊತ್ತಿತ್ತು, ಎಷ್ಟು ಜನಕ್ಕೆ ಅಂದೇ ಗೊತ್ತಾಯಿತು ಎಂಬುದನ್ನು ನಾನು ಹೇಳಲಾರೆ. ವಯಸ್ಸಾದ ಮೂರು ನಾಲ್ಕು ಹೆಂಗಸರು ನಗುವಾಗ ಸೆರಗು ಬಾಯಿಗೆ ಒತ್ತಿಕೊಂಡದ್ದನ್ನು ಮಾತ್ರ ಕಂಡೆ.

ಎರಡು ರಾಶಿ ಸಿದ್ಧವಾಯಿತು. ಬೆರೆಸಬಾರದು ಎಂದ ಮೇಲೆ ದಾರಿ ಒಂದೇ. ಶೆಡ್ಡಿನ ಮಾಡಿಗೆ ಎರಡು ಇಳಿಜಾರು, ಒಂದು ಮೂಡಕ್ಕೆ, ಒಂದು ಪಡುವಕ್ಕೆ. ಒಂದಕ್ಕೆ ಪೂರ್ತಿ ಈಚೆಯದು, ಇನ್ನೊಂದಕ್ಕೆ ಪೂರ್ತಿ ಆಚೆಯದು. ಎರಡೂ ಸೇರುವ ನೆತ್ತಿಯ ಮೇಲೆ ಬಾಗಿದ ಹಂಚು ಕವುಚಿ ಗಾರೆ ಹಾಕಿದರೆ ಜಗಳವಿಲ್ಲ. ಯಡ್ತರೆಯವರು ತಲೆಯಾಡಿಸಿದರು. ಆದರೆ ಯಾವುದು ಯಾವ ಬದಿಗೆ ಎಂಬಲ್ಲಿ ಮತ್ತೆ ಮಾತು ಎದ್ದಿತು. ಪಡುವಣ ಬದಿ ಹೊಳೆಗೂ ರಸ್ತೆಗೂ ಕಾಣುವಂಥದ್ದು. ಬಂದವರು ಮೊದಲು ನೋಡುವುದೇ ಅದನ್ನು. ಅಲ್ಲಿ ನಮ್ಮ ಹಂಚೇ ಇರಬೇಕು, ಆಚೆಯದು ಹಿಂದಿನ ಬದಿಗೆ ಇರಲಿ ಎಂದು ಅಧ್ಯಕ್ಷರು ಪಟ್ಟು ಹಿಡಿದರು. ಅವರೂ ಈಗ ಶೀಟನ್ನು ಮರೆತಿದ್ದರು. ಬಹುತೇಕ ಎಲ್ಲರೂ ಅವರ ಕಡೆಗಿದ್ದರು. ನಿಜ ಹೇಳಬೇಕೆಂದರೆ ನಾನೂ ಇದ್ದೆ.

ಅಬ್ಬಿ ಕುರ್ಚಿಯಿಂದ ಎದ್ದು ಎರಡೂ ರಾಶಿಯಿಂದ ಒಂದೊಂದು ಹಂಚು ಎತ್ತಿ ಅಧ್ಯಕ್ಷರ ಎರಡು ಕೈಗೆ ಕೊಟ್ಟಳು. ಕಡಲ ಗಾಳಿಗೆ ಮಳೆ ಮೇಲಿನಿಂದ ಬೀಳುವುದಿಲ್ಲ, ಅಡ್ಡ ಬಂದು ಹಂಚಿನ ಸಂದಿಗೆ ಹೊಡೆಯುತ್ತದೆ. ಕಚ್ಚು ಆಳವಿದ್ದರೆ ನೀರು ಅಲ್ಲೇ ತಿರುಗಿ ಇಳಿದುಹೋಗುತ್ತದೆ. ನಮ್ಮದರ ಕಚ್ಚು ಸಾಲದು.

"ನಾ ಇಪ್ಪತ್ತಾರ್ ವರ್ಷ ಈಚಿ ಹಂಚಿನ ಅಂಚ್ ಕೆತ್ತಿದೋಳ್. ನಂಗೆ ಗೊತ್ತಿತ್ತ್. ಪಡು ಬದಿಗೆ ಆಚಿದೇ ಆಯ್ಕ್," ಎಂದಳು.

ಆಗಲೇ ಗೊತ್ತಿತ್ತಾ ಎಂದು ಯಾರೋ ಕೇಳಿದರು. ಕೆಲಸದ ಮೊದಲ ವರ್ಷವೇ ಗೊತ್ತಾಗಿತ್ತಂತೆ. ಅವಳು ಮೇಸ್ತ್ರಿಗೆ ಹೇಳಿದ್ದಳು. ಅಚ್ಚು ಬದಲಿಸುವುದು ನಿನ್ನ ಕೆಲಸವಲ್ಲ ಎಂದಿದ್ದರು. ಇಷ್ಟನ್ನು ಹೇಳುವಾಗ ಅವಳ ದನಿಯಲ್ಲಿ ದೂರು ಕಾಣಲಿಲ್ಲ. ಅಳತೆ ಹೇಳಿದಂತಿತ್ತು. ಅಧ್ಯಕ್ಷರು ಎರಡೂ ಕಚ್ಚಿನಲ್ಲಿ ತಮ್ಮ ಹೆಬ್ಬೆರಳು ಎಳೆದು ನೋಡಿದರು. ಮತ್ತೊಮ್ಮೆ ಎಳೆದರು. ಆಮೇಲೆ ಯಡ್ತರೆಯವರ ಕಡೆ ತಿರುಗಿ, ಅಕ್ಕ ಹೇಳಿದ ಹಾಗೆ ಮಾಡಿ ಎಂದರು.

ಮಾಡು ಹೊದಿಸಲು ನಾಲ್ಕು ದಿನ ಹಿಡಿಯಿತು. ಈ ಸಲ ಮೇಲಿನಿಂದ ತಟ್ಟುವ ಸದ್ದು ಕೇಳಲಿಲ್ಲ. ಹಂಚು ಹಂಚಿನ ಮೇಲೆ ಕೂರುವಾಗ ಕಿರುಬೆರಳ ನೆಟಿಗೆ ಮುರಿದಂಥ ಸಣ್ಣ ಸದ್ದು ಮಾತ್ರ. ಆ ನಾಲ್ಕು ದಿನ ನಾನು ಫಲಕದ ಬರಹವನ್ನು ಮುಂದಿಟ್ಟುಕೊಂಡು ಕೂತೆ. ಅದರ ಮೊದಲ ವಾಕ್ಯ, ಕೇರಿಯ ಪ್ರತಿ ಮನೆಯ ಮಾಡೂ ಈ ಕಾರ್ಖಾನೆಯ ಹಂಚಿನಿಂದ ಆದದ್ದು ಎಂದಿತ್ತು. ಅದನ್ನು ಹೊಡೆದು ಹಾಕಿದೆ. ದೋಣಿಯ ವಿಷಯ ಬರೆಯಬೇಕೋ ಬೇಡವೋ ಎಂದು ಒಂದು ದಿನ ಯೋಚಿಸಿದೆ. ಅಪ್ಪಯ್ಯ ಮುಚ್ಚಿಟ್ಟದ್ದನ್ನು ಗೋಡೆಯ ಮೇಲೆ ಬರೆಯಲು ನನಗೇನು ಹಕ್ಕು? ಅಬ್ಬಿಯನ್ನು ಕೇಳಿದೆ. ಈ ಸಲ ಬರೆಯುವ ಮೊದಲೇ ಕೇಳಿದೆ. ಹಸಿದ ಮಕ್ಕಳಿಗೆ ಊಟ ಹಾಕಲು ಹೊಳೆ ದಾಟಿದ್ದು ಕದ್ದು ಮುಚ್ಚುವ ಕೆಲಸವೇನಲ್ಲ, ಆಗ ಮುಚ್ಚಿಟ್ಟದ್ದು ಮಾತು ಕೊಟ್ಟಿದ್ದರು ಅಂತ, ಆ ಮಾತು ತೆಗೆದುಕೊಂಡವರು ಈಗ ಯಾರೂ ಇಲ್ಲ ಎಂದಳು. ಬರೆದೆ.

ಜೂನಿನ ಮೊದಲ ವಾರ, ಮಧ್ಯಾಹ್ನ ಊಟದ ಹೊತ್ತಿಗೆ ಅಳಿವೆಯ ಮೇಲೆ ಆಕಾಶ ಕಪ್ಪಾಯಿತು. ಗಂಗೊಳ್ಳಿ ಕಾಣದಾಯಿತು. ನಾನು ಶೆಡ್ಡಿಗೆ ಓಡಿದಾಗ ಅಧ್ಯಕ್ಷರೂ ಹತ್ತಾರು ಜನವೂ ಆಗಲೇ ಒಳಗೆ ನಿಂತಿದ್ದರು. ಮಳೆ ಬಂತು ಎನ್ನುವುದಕ್ಕಿಂತ ಕಡಲೇ ಅಡ್ಡ ಬಂತು ಎನ್ನಬೇಕು. ಗಾಳಿಗೆ ತೆಂಗಿನ ಗರಿಗಳು ಮೂಡಕ್ಕೆ ಬಾಗಿದವು. ನಾವೆಲ್ಲ ಕತ್ತೆತ್ತಿ ಪಡುವಣ ಇಳಿಜಾರನ್ನೇ ನೋಡುತ್ತಾ ನಿಂತೆವು. ಅರ್ಧ ಗಂಟೆ ಕಳೆಯಿತು. ಕೆಳಗೆ ನೆಲ ಒಣಗಿಯೇ ಇತ್ತು. ಮೂಡು ಬದಿಯ ಸೂರಿನ ಹತ್ತಿರ ಒಂದೇ ಒಂದು ಕಡೆ ಹನಿ ತೊಟ್ಟಿಕ್ಕಿತು. ಅದು ಸೀಳಿದ ಹಂಚು, ನಮ್ಮದೇ. ಅಧ್ಯಕ್ಷರು ಅದನ್ನು ನೋಡಿಯೂ ನೋಡದವರ ಹಾಗೆ, ಅದೊಂದನ್ನು ನಾಳೆ ಬದಲಿಸೋಣ ಎಂದರು. ಶೀಟಿನ ಮಾತು ಅಲ್ಲಿಗೆ ಮುಗಿಯಿತು.

ಮನೆಗೆ ಬಂದಾಗ ಅಬ್ಬಿ ಅಡಿಗೆಮನೆಯ ಕಿಟಕಿಯಿಂದ ಮಳೆ ನೋಡುತ್ತಿದ್ದಳು. "ಪಡು ಬದಿ?" ಎಂದು ಕೇಳಿದಳು. ಒಣಗಿದೆ ಎಂದೆ. ಮೂಡು ಬದಿಯ ಒಂದು ಹನಿಯ ವಿಷಯವನ್ನೂ ಹೇಳಿದೆ. ಅವಳು ಒಲೆಯ ಕಡೆ ತಿರುಗಿದಳು.

ಎರಡು ದಿನ ಬಿಟ್ಟು ಅಧ್ಯಕ್ಷರು ಕೊಡೆ ಮಡಿಚಿ ನಮ್ಮ ಜಗಲಿಗೆ ಬಂದರು. ಫಲಕಕ್ಕೆ ಒಂದು ಸಣ್ಣ ವಿಷಯ ಸೇರಿಸಬಹುದಾ ಎಂದು ಕೇಳಿದರು.

"ನಮ್ಮನಿ ಹಂಚ್ ಪಡು ಬದಿಯಂಗಿತ್ತ್ ಅಂದೇಳಿ ಬರೀನಿ. ಗಾಳಿ ತಡುದ್ ಅದೇ ಅಲ್ದಾ."

ಅವರ ಹಿಂದೆಯೇ ಹಳದಿ ಬೊಟ್ಟಿನವರು ಬಂದರು, ಹಸಿರು ಬೊಟ್ಟಿನವರೂ ಬಂದರು. ಎಲ್ಲರಿಗೂ ಪಡು ಬದಿಯೇ ಬೇಕು. ಒಂದು ತಿಂಗಳ ಹಿಂದೆ ಇದೇ ಜನ ಆಚೆಯ ಹಂಚು ಎಂದರೆ ಮುಖ ತಿರುಗಿಸುತ್ತಿದ್ದರು. ಇನ್ನು ಹತ್ತು ವರ್ಷಕ್ಕೆ, ನಮ್ಮ ಹಿರಿಯರು ಬೇಕೆಂದೇ ಆಳ ಕಚ್ಚಿನ ಹಂಚು ಆರಿಸಿ ತಂದಿದ್ದರು ಎಂಬ ಮಾತು ಕೇರಿಯಲ್ಲಿ ಹುಟ್ಟುತ್ತದೆ. ಅದಕ್ಕೇ ಆ ವಾರದ ದಿನಚರಿಯಲ್ಲಿ ನಾನು ಕಂಡದ್ದು ಯಾವುದು, ಅಬ್ಬಿ ಹೇಳಿದ್ದು ಯಾವುದು, ನಾನು ಊಹಿಸಿದ್ದು ಯಾವುದು ಎಂದು ಬೇರೆ ಬೇರೆ ಬರೆದಿಟ್ಟೆ. ಎಲ್ಲರ ಮನೆಯ ಬಣ್ಣವನ್ನೂ ಫಲಕದಲ್ಲಿ ಸೇರಿಸಿದೆ.

ಅಬ್ಬಿಗೆ ಫಲಕ ಓದಿ ಹೇಳಿದೆ. ಪೂರ್ತಿ ಕೇಳಿದಳು. ಬರೆದದ್ದು ಸರಿ ಇದೆ, ಆದರೆ ಓದಿದವರಿಗೆ ಕಚ್ಚು ತಿಳಿಯುವುದಿಲ್ಲ ಎಂದಳು. ಉಳಿದ ರಾಶಿಗಳಿಂದ ಎರಡು ಹಂಚು ಆರಿಸಿ ಕೊಟ್ಟಳು. ಒಂದು ಈಚೆಯದು, ಒಂದು ಆಚೆಯದು. ಮುಂದೆ ಮಾಡು ಒಡೆದಾಗ ಬದಲಿ ತರುವವರು ಇವನ್ನು ಮುಟ್ಟಿ ನೋಡಿ ತರಲಿ ಎಂದಳು. ಈಗ ಅವೆರಡೂ ಶೆಡ್ಡಿನ ಬಾಗಿಲ ಪಕ್ಕ, ಫಲಕದ ಕೆಳಗೆ, ಕೈಗೆಟಕುವ ಎತ್ತರದಲ್ಲಿ ಗೋಡೆಗೆ ಕೂತಿವೆ. ಪುಸ್ತಕ ತೆಗೆದುಕೊಳ್ಳಲು ಬಂದವರು ಫಲಕ ಓದುವುದು ಕಡಿಮೆ. ಒಳಗೆ ಹೋಗುವಾಗ ಎರಡೂ ಕಚ್ಚಿನಲ್ಲಿ ಹೆಬ್ಬೆರಳು ಎಳೆಯುತ್ತಾರೆ. ಆರು ತಿಂಗಳಿಗೇ ಆ ಜಾಗದ ಧೂಳು ಹೋಗಿ ಮಣ್ಣು ಹೊಳೆಯತೊಡಗಿದೆ.